ಶ್ರುತಾಕ್ಷರಗಳ ಸಂಖ್ಯೆ

ಜ್ಯೇಷ್ಠ ಶುಕ್ಲ ಪಂಚಮಿಯಂದು ಉಪವಾಸವನ್ನು ಕೈಗೊಂಡು ಶ್ರುತಪೂಜೆಯನ್ನು ಮಾಡುವ ಶ್ರಾವಕ-ಶ್ರಾವಿಕೆಯರಿಗೆ ದ್ವಾದಶಾಂಗದ ಪದಸಂಖ್ಯೆ ಪರಿಚಿತವಾದುದು: ನೂರ ಹನ್ನೆರಡು ಕೋಟಿ ಎಂಬತ್ತಮೂರು ಲಕ್ಷ ಐವತ್ತೆಂಟು ಸಾವಿರದ ಐದು. ಇದರ ಮೂಲವನ್ನರಿಯದೆ ಉಚ್ಚರಿಸುವವರಿಗೆ ಒಂದು ಅಂಕ ತಪ್ಪಿದರೂ ಗೊತ್ತಾಗದು.

ಆಗಮದಲ್ಲಿ ಮೂಲವರ್ಣಗಳು ೬೪. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಭೇದದಿಂದ ೨೭, ವ್ಯಂಜನಗಳು ೩೩, ಯೋಗವಾಹಗಳು ೪. ಇವುಗಳಿಂದಾಗುವ ಸಂಯೋಗಗಳೆಷ್ಟು? ಅ, ಕ, ಗ ಎಂಬ ಮೂರೇ ವರ್ಣಗಳಿವೆಯೆಂದು ಭಾವಿಸಿದರೆ ಒಂಟಿಯಾಗಿ ೩, ಎರಡೆರಡಾಗಿ ೩, ಮೂರೂ ಕೂಡಿ ೧, ಒಟ್ಟು ೭. ಪ್ರತಿಯೊಂದು ವರ್ಣವೂ ಸಂಯೋಗದಲ್ಲಿ ಇರುವುದು, ಇಲ್ಲದಿರುವುದು ಎಂಬ ಎರಡೇ ಪ್ರಕಾರ. ಆದುದರಿಂದ ಎರಡನ್ನು ಮೂರೆಡೆ ಇಟ್ಟು ಗುಣಿಸಿ, ಯಾವ ವರ್ಣವೂ ಇಲ್ಲದ ಒಂದನ್ನು ಕಳೆಯಬೇಕು. ವರ್ಣಗಳ ಹಿಂದುಮುಂದಿನ ಕ್ರಮವು ಇಲ್ಲಿ ಗಣನೆಗೆ ಬರುವುದಿಲ್ಲ.

ಎರಡನ್ನು ೬೪ ಎಡೆಗಳಲ್ಲಿಟ್ಟು ಗುಣಿಸುವುದು ತೋರುವಷ್ಟು ಕಠಿನವಲ್ಲ. ಎರಡನ್ನು ಆರು ಸಲ ವರ್ಗ ಮಾಡಿದರೆ ಸಾಕು. ೪, ೧೬, ೨೫೬, ಬಳಿಕ ೬೫೫೩೬, ಇದು ಪಣ್ಣಟ್ಠಿ. ೪೨೯೪೯೬೭೨೯೬, ಇದು ಬಾದಾಲ. ಆರನೆಯದು ಏಕಟ್ಠಿ, ೧೮೪೪೬೭೪೪೦೭೩೭೦೯೫೫೧೬೧೬. ಒಂದನ್ನು ಕಳೆದರೆ ಶ್ರುತಾಕ್ಷರಗಳ ಸಂಖ್ಯೆ: ೧೮೪೪೬೭೪೪೦೭೩೭೦೯೫೫೧೬೧೫. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಇಪ್ಪತ್ತು ಅಂಕಗಳನ್ನು ಒಂದೊಂದಾಗಿ ಹೇಳಿದ್ದಾರೆ. ಅಂಕಗಳನ್ನು ಬಲದಿಂದ ಎಡಕ್ಕೆ ಹೇಳುವ ಶಾಸ್ತ್ರರೂಢಿ ಪ್ರಸಿದ್ಧವಾಗಿದ್ದರೂ ಇಲ್ಲಿ ಎಡದಿಂದಲೇ ಎಣಿಸಿರುವುದು ಗಮನಾರ್ಹ. ಈ ಗ್ರಂಥಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು.

ಒಂದು ಮಧ್ಯಮಪದದ ಅಕ್ಷರಗಳು ೧೬೩೪೮೩೦೭೮೮೮. ಇದರಿಂದ ಶ್ರುತಾಕ್ಷರಗಳನ್ನು ಭಾಗಿಸಿದರೆ ಬರುವ ಲಬ್ಧವೇ ಪೂಜೆಯಲ್ಲಿ ಬರುವ ೧೧೨೮೩೫೮೦೦೫ ಪದಗಳು. ಉಳಿದ ೮೦೧೦೮೧೭೫ ಅಕ್ಷರಗಳು ಒಂದು ಪದಕ್ಕೂ ಸಾಲವು, ಅವು ಅಂಗಬಾಹ್ಯಶ್ರುತವೆನಿಸುತ್ತವೆ. ಅಂಗಬಾಹ್ಯವನ್ನು ಪದಗಳಿಂದಲ್ಲದೆ ಅಕ್ಷರಗಳಿಂದ ಎಣಿಸುವ ಕಾರಣವು ಇದರಿಂದ ಸ್ಪಷ್ಟವಾಗುತ್ತದೆ.

ಈ ಸಂಖ್ಯೆಗೆ ಇನ್ನೊಂದು ರಮ್ಯ ಗುಣವುಂಟು. ಎರಡಕ್ಕೂ ಅದರ ಮೊದಲ ಐದು ವರ್ಗಗಳಿಗೂ ಒಂದೊಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫೫೩೭, ೪೨೯೪೯೬೭೨೯೭ ಆಗುತ್ತವೆ. ಇವುಗಳ ಗುಣಲಬ್ಧವೇ ಶ್ರುತಾಕ್ಷರಸಂಖ್ಯೆ! ಮೊದಲ ಐದು ಅವಿಭಾಜ್ಯಗಳು. ಕೊನೆಯದೂ ಹಾಗೆಯೇ ಎಂದು ಫ್ರಾನ್ಸಿನ ಫರ್ಮಾ ಭಾವಿಸಿದ್ದನು. ಅದು ೬೪೧ ಮತ್ತು ೬೭೦೦೪೧೭ರ ಗುಣಲಬ್ಧವೆಂದು ಆಯ್ಲರ್ ೧೭೩೨ರಲ್ಲಿ ತೋರಿಸಿದನು.

ಪೂಜಾಪುಸ್ತಕದ ಅಂಕಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಂಕ ಉಳಿಯುವವರೆಗೆ ಅಂಕಗಳನ್ನು ಕೂಡಿಸುತ್ತ ಹೋದರೆ ಮಧ್ಯಮಪದಕ್ಕೆ ೨, ಪದಸಂಖ್ಯೆಗೆ ೬, ಅಂಗಬಾಹ್ಯಕ್ಕೆ ೩ ಬರಬೇಕು. ಎರಡಾರಲೆ ಹನ್ನೆರಡು, ಅಂದರೆ ೩. ಅದಕ್ಕೆ ೩ ಕೂಡಿದರೆ ೬. ಶ್ರುತಾಕ್ಷರಸಂಖ್ಯೆಯ ಅಂಕಗಳ ಮೊತ್ತ ೮೭, ಅದು ೧೫, ಅದೂ ೬. ಎರಡು ಅಂಕಗಳು ಸ್ಥಳ ಬದಲಿಸಿದ್ದರೆ ಅದು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಆಗ ಗುಣಾಕಾರವನ್ನೇ ಮಾಡಿ ನೋಡಬೇಕು.