ಕೋಡ್ ಬರೆಯಲು ಬಂದ ಮೇಲೆ ಕಲಿತದ್ದು

ಬಿ.ಕಾಂ. ಮುಗಿಸಿ, ಪೈಥಾನ್ ಅನ್ನು ನಾನೇ ಕಲಿತು ಪ್ರೋಗ್ರಾಮಿಂಗ್ ಕೆಲಸಕ್ಕೆ ಬಂದವನು ನಾನು. ಪ್ರೋಗ್ರಾಂ ಬರೆಯಲು ಬರುತ್ತಿತ್ತು; ಅದರ ತಳದಲ್ಲಿ ಏನು ನಡೆಯುತ್ತದೆ ಎಂಬುದನ್ನು ಕೆಲಸ ಮಾಡುತ್ತಲೇ ಕಲಿತೆ. ಇದೇ ದಾರಿಯಲ್ಲಿ ಬರುತ್ತಿರುವವರಿಗೆ ಇಷ್ಟು ಹೇಳಬೇಕೆನಿಸಿದೆ.

1. ಸಿಲಬಸ್ಸಿನ ಮೊದಲ ಪುಟ ಹಿಡಿದು ಕೂರಬೇಡಿ. ಇವತ್ತು ಎದುರಾದ ಪ್ರಶ್ನೆಯಿಂದಲೇ ಕೆಳಗಿಳಿಯಿರಿ. ನನಗೆ ಅಂಥ ಪ್ರಶ್ನೆ ಸಿಕ್ಕಿದ್ದು ಕನ್ನಡದಲ್ಲಿ. ‘ಮೈಸೂರು’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಪೈಥಾನ್‌ಗೆ ಉದ್ದ ಕೇಳಿದರೆ 6 ಎನ್ನುತ್ತದೆ. ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟ್. ಯೂನಿಕೋಡ್‌ನಲ್ಲಿ ವ್ಯಂಜನಕ್ಕೊಂದು, ಅದಕ್ಕೆ ಸೇರುವ ಸ್ವರಚಿಹ್ನೆಗೊಂದು ಬೇರೆ ಬೇರೆ ಸಂಕೇತ. ಒಂದೊಂದಕ್ಕೂ 3 ಬೈಟ್. ಸಂದರ್ಶನಗಳಲ್ಲಿ ಸ್ಟ್ರಿಂಗ್ ತಿರುಗಿಸಲು ಹೇಳುತ್ತಾರಲ್ಲ, ಆ ಕೋಡಿಗೆ ಈ ಪದ ಕೊಟ್ಟು ನೋಡಿ: ‘ಮ’ದ ಐತ್ವ ‘ಸ’ಕ್ಕೆ ಅಂಟಿಕೊಳ್ಳುತ್ತದೆ, ಕೊನೆಯ ಕೊಂಬು ಆಸರೆಯಿಲ್ಲದೆ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಅಕ್ಷರ, ಸಂಕೇತ, ಬೈಟ್ ಈ ಮೂರೂ ಬೇರೆ ಎಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನು ಕಂಡಿಲ್ಲ.

2. ಡೇಟಾ ಬೆಳೆದಂತೆ ಕೆಲಸ ಎಷ್ಟು ಬೆಳೆಯುತ್ತದೆ ಎಂಬ ಬಿಗ್-ಓ ಲೆಕ್ಕವನ್ನು ಪೆನ್ನು ಹಿಡಿದು ಮಾಡಿ. ತಲಾ 10 ಸಾವಿರ ಹೆಸರಿನ ಎರಡು ಪಟ್ಟಿಗಳನ್ನು ಲೂಪಿನೊಳಗೆ ಲೂಪ್ ಇಟ್ಟು ಹೋಲಿಸಿದರೆ 10 ಕೋಟಿ ಹೋಲಿಕೆ. ಒಂದು ಪಟ್ಟಿಯನ್ನು ಸೆಟ್‌ಗೆ ಹಾಕಿಕೊಂಡರೆ ಸುಮಾರು 20 ಸಾವಿರ ಹೆಜ್ಜೆಯಲ್ಲಿ ಮುಗಿಯುತ್ತದೆ. ವಿಂಗಡಿಸಿಟ್ಟ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಬೈನರಿ ಸರ್ಚ್ 20 ಹೋಲಿಕೆಯೊಳಗೆ ಹುಡುಕುತ್ತದೆ, ಏಕೆಂದರೆ ಪ್ರತಿ ಸಲ ಉಳಿದದ್ದರಲ್ಲಿ ಅರ್ಧವನ್ನು ಬಿಟ್ಟುಬಿಡುತ್ತದೆ.

3. ದಿನಾ ಬಳಸುವುದನ್ನು ಒಮ್ಮೆ ಕೈಯಾರೆ ಕಟ್ಟಿ. ಬರೀ ಅರೇ ಇಟ್ಟುಕೊಂಡು ಸಣ್ಣ ಹ್ಯಾಶ್ ಟೇಬಲ್ ಬರೆಯಿರಿ. ಎರಡು ಕೀಗಳು ಒಂದೇ ಜಾಗಕ್ಕೆ ಬಂದಾಗ ಏನು ಮಾಡಬೇಕು, ಟೇಬಲ್ ತುಂಬುತ್ತ ಬಂದಾಗ ಏನು ಮಾಡಬೇಕು ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಪೈಥಾನ್ ಡಿಕ್ಷನರಿಯಲ್ಲಿ ಲಿಸ್ಟ್ ಏಕೆ ಕೀ ಆಗಲಾರದು ಎಂಬುದೂ ಆಗ ತಾನಾಗಿ ತಿಳಿಯುತ್ತದೆ: ನಡುವೆ ಬದಲಾಗಬಲ್ಲ ವಸ್ತುವನ್ನು ಆಮೇಲೆ ಎಲ್ಲಿ ಹುಡುಕುವುದು?

4. ಒಂದೇ ಕೋರ್ಸ್ ಹಿಡಿದು ಮುಗಿಸಿ. ನನ್ನ ಆಯ್ಕೆ ನೋಮ್ ನಿಸಾನ್, ಶಿಮೊನ್ ಶೋಕನ್ ರೂಪಿಸಿದ ‘ನ್ಯಾಂಡ್ ಟು ಟೆಟ್ರಿಸ್’. ನ್ಯಾಂಡ್ ಗೇಟ್‌ನಿಂದ ಶುರುವಾಗಿ ಅಸೆಂಬ್ಲರ್, ಕಂಪೈಲರ್‌ವರೆಗೆ ನಮ್ಮ ಕೈಯಲ್ಲೇ ಕಟ್ಟಿಸುತ್ತದೆ. ಉಪನ್ಯಾಸಗಳೇ ಬೇಕಿದ್ದರೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ.

5. ಕಲಿತದ್ದನ್ನು ಜೊತೆಯವರಿಗೆ ಕನ್ನಡದಲ್ಲಿ ವಿವರಿಸಿ. ‘ಅದು ಹಂಗೇ ವರ್ಕ್ ಆಗುತ್ತೆ ಬಿಡಿ’ ಎಂದು ಬಾಯಿಗೆ ಬಂದ ಜಾಗವನ್ನು ಗುರುತು ಹಾಕಿಕೊಳ್ಳಿ. ಮುಂದಿನ ವಾರದ ಓದು ಅಲ್ಲಿಂದ.