ಕೂಡಬೇಕಾ, ಕಳೀಬೇಕಾ?

ಪ್ರಶ್ನೆ: ಮಗಳು ಮೂರನೇ ತರಗತಿ. 46ರಲ್ಲಿ 18 ಕಳೆ ಎಂದರೆ ಥಟ್ಟನೆ ಕಳೆಯುತ್ತಾಳೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ‘ಅಮ್ಮಾ, ಕೂಡಬೇಕಾ, ಕಳೀಬೇಕಾ?’ ಎನ್ನುತ್ತಾಳೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ಮಗಳಿಗೆ ಲೆಕ್ಕ ಬರುತ್ತದೆ, ವಾಕ್ಯದಲ್ಲಿ ನಡೆದದ್ದೇನು ಎಂಬುದು ಕಣ್ಣಿಗೆ ಕಟ್ಟುತ್ತಿಲ್ಲ. ಅವಳು ಕೇಳಿದಾಗ ‘ಕಳಿ’ ಎಂದು ಹೇಳಿಬಿಡಬೇಡಿ. ‘ಇಲ್ಲಿ ಏನಾಯ್ತು, ನಿನ್ನ ಮಾತಲ್ಲೇ ಹೇಳು’ ಎನ್ನಿ.

‘ಹೆಚ್ಚು’ ಎಂದಿದ್ದರೆ ಕೂಡು ಎಂಬ ಸೂತ್ರ ಕಲಿಸಿದ್ದರೆ ಬಿಡಿಸಿ. ‘ರವಿಯ ಬಳಿ 12 ಗೋಲಿ ಇವೆ. ಅವು ಗೀತಾಳ ಗೋಲಿಗಳಿಗಿಂತ 5 ಹೆಚ್ಚು. ಗೀತಾಳ ಬಳಿ ಎಷ್ಟು?’ ಇಲ್ಲಿ ಕೂಡಿದರೆ 17 ಬರುತ್ತದೆ, ಸರಿಯುತ್ತರ 7. ಇಂಥ ಹೋಲಿಕೆಯ ಲೆಕ್ಕಗಳಲ್ಲೇ ಮಕ್ಕಳು ಹೆಚ್ಚು ಎಡವುತ್ತಾರೆ. ಹುಣಸೆ ಬೀಜಗಳನ್ನು ಎರಡು ಸಾಲಾಗಿ ಜೋಡಿಸಿ, ಯಾರ ಸಾಲು ಉದ್ದ ಎಂದು ತೋರಿಸಲು ಹೇಳಿ. ರೂಢಿಯಾದ ಮೇಲೆ ಎರಡು ಗೆರೆ ಎಳೆದರೆ ಸಾಕು.

ಅಂಗಡಿಗೆ ಜೊತೆಯಲ್ಲಿ ಕರೆದೊಯ್ಯಿರಿ. 50 ರೂಪಾಯಿ ಕೊಟ್ಟು 26 ರೂಪಾಯಿಯ ಸಾಮಾನು ಕೊಂಡರೆ ಚಿಲ್ಲರೆ ಎಷ್ಟು? 24 ಎಂದಾಗ, ಅದನ್ನು 26ಕ್ಕೆ ಕೂಡಿ ತಾಳೆ ನೋಡಲಿ. ಆಗಾಗ ಅವಳೇ ಲೆಕ್ಕ ಕಟ್ಟಿ ನಿಮ್ಮನ್ನು ಕೇಳಲಿ.

ನೀವು ಓದಿ ಹೇಳಿದಾಗ ಸರಾಗವಾಗಿ ಬಿಡಿಸಿದರೆ ತೊಡಕು ಓದಿನದು. ಕಣ್ಣು ಪರೀಕ್ಷೆ ಮಾಡಿಸಿ, ಶಿಕ್ಷಕರೊಂದಿಗೆ ಮಾತನಾಡಿ. ಕೆಲವು ತಿಂಗಳ ಅಭ್ಯಾಸದ ನಂತರವೂ ಸುಧಾರಿಸದಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರಿಂದ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ. ದೃಢಪಟ್ಟರೆ ಶಾಲೆಯಲ್ಲಿ ವಿಶೇಷ ನೆರವು ಕೇಳಿ, ಹಿಂಜರಿಯಬೇಡಿ.