ಗುಂಡಿ ಹುಡುಕಿ ಗುಂಡಿಗೆ ಬಿದ್ದ ಕಥೆ

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲನ್ನು ಮನೆಯಲ್ಲೇ ಮಾಡಬೇಕೆಂದು ಹೊರಟಾಗ ನಾನು ಕಷ್ಟ ಎಂದುಕೊಂಡಿದ್ದೆಲ್ಲ ಸಲೀಸಾಗಿ ಮುಗಿದುಹೋಯಿತು. ಅಂಗೈಯೊಳಗೆ ಅಡಗುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಮೂರೂವರೆ ಇಂಚಿನ ಪರದೆ, ಮೆಮೊರಿ ಕಾರ್ಡಿನಲ್ಲಿ ಹಳೆಯ ಆಟಗಳನ್ನು ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್. ಶನಿವಾರ ಬೆಳಿಗ್ಗೆ ಕೂತವನು ಸಂಜೆ ಕಾಫಿಯ ಹೊತ್ತಿಗೆ ಪರದೆಯ ಮೇಲೆ ಆಟ ತರಿಸಿದ್ದೆ. ಆಡೋಣವೆಂದರೆ ಗುಂಡಿಗಳಿರಲಿಲ್ಲ. ಅದೇನು ಮಹಾ, ನಾಳೆ ತಂದರಾಯಿತು ಎಂದುಕೊಂಡೆ. ಆ ‘ನಾಳೆ’ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಹಾಳು ಮಾಡಿದ ಸಾಮಾನುಗಳಿಂದ ಕಲಿತದ್ದಿಷ್ಟು.

1. ಅಗ್ಗದ ಸ್ವಿಚ್ಚಿಗೂ ನಾಲ್ಕು ಕಾಲು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಟ್ಯಾಕ್ಟ್ ಸ್ವಿಚ್ ಕೇಳಿದೆ. 6 ಮಿಲಿಮೀಟರ್ ಚೌಕದ ಪುಟಾಣಿ ಸ್ವಿಚ್ಚುಗಳು. ಕವರಿಗೆ ಒಂದು ಹಿಡಿ ತುಂಬಿ ಕೊಟ್ಟರು. ಅದರ ನಾಲ್ಕು ಕಾಲುಗಳಲ್ಲಿ ಎರಡೆರಡು ಒಳಗೇ ಜೋಡಿಯಾಗಿರುತ್ತವೆಂದು ನನಗೆ ಗೊತ್ತಿರಲಿಲ್ಲ. ಎರಡೂ ತಂತಿಯನ್ನು ಒಂದೇ ಜೋಡಿಗೆ ಬೆಸೆದೆ, ಅದೂ ಎಂಟಕ್ಕೆ ಎಂಟು ಗುಂಡಿಗೂ. ಯಂತ್ರ ಆನ್ ಮಾಡಿದರೆ ಯಾರೋ ಎಲ್ಲ ಗುಂಡಿ ಒತ್ತಿ ಹಿಡಿದಂತೆ ಮೆನು ತಾನೇ ತಾನಾಗಿ ಓಡತೊಡಗಿತು. ಎರಡು ಸಂಜೆ ಸಾಫ್ಟ್‌ವೇರನ್ನು ಬೈದೆ. ಮೂಲೆಯಿಂದ ಮೂಲೆಗೆ, ಓರೆಯಾಗಿರುವ ಎರಡು ಕಾಲು ಹಿಡಿದರೆ ಈ ತಪ್ಪು ಆಗುವುದೇ ಇಲ್ಲ.

ಸರಿಪಡಿಸಿದ ಮೇಲೆ ಇನ್ನೊಂದು ಗೊತ್ತಾಯಿತು. ಈ ಸ್ವಿಚ್ಚುಗಳಲ್ಲಿ ಒತ್ತಲು ಬೇಕಾದ ಬಲ 160 ಗ್ರಾಂ, 260 ಗ್ರಾಂ ಎಂದು ಬೇರೆ ಬೇರೆ ಇರುತ್ತದೆ. ನಾನು ತಂದದ್ದು ಗಟ್ಟಿಯದು. ಹತ್ತು ನಿಮಿಷಕ್ಕೆ ಹೆಬ್ಬೆರಳು ನೋವು. ರಾತ್ರಿ ಟಕಟಕ ಸದ್ದಿಗೆ ಎದ್ದು ಬಂದ ಹೆಂಡತಿ, “ಟೈಪಿಂಗ್ ಪರೀಕ್ಷೆಗೆ ಕಟ್ಟಿದೀರಾ?” ಎಂದಳು.

2. ಹೆಸರು ಹೇಳಬೇಡಿ, ಪೀಸ್ ತೋರಿಸಿ

ಅಂಗಡಿಯಲ್ಲಿ ‘ಜಾಯ್‌ಸ್ಟಿಕ್ ಕೊಡಿ’ ಎಂದೆ. ಒಬ್ಬರು ಕಂಪ್ಯೂಟರಿಗೆ ಹಾಕುವ ಇಡೀ ಗೇಮ್‌ಪ್ಯಾಡ್ ತೆಗೆದರು, ಇನ್ನೊಬ್ಬರು ಕ್ರೇನ್ ನಡೆಸುವ ಹಿಡಿಕೆ ಬೇಕಾ ಎಂದರು. ಮೂರನೆಯವರು ಕೇಳಿದ್ದು ಎರಡೇ ಪದ: “ಪೀಸ್ ತಂದಿದೀರಾ?” ತಂದಿರಲಿಲ್ಲ. ಮುಂದಿನ ವಾರ ಕೆಟ್ಟ ಗೇಮ್‌ಪ್ಯಾಡ್ ಬಿಚ್ಚಿ, ಅದರ ಸ್ಟಿಕ್ಕನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಹೋದೆ. ಅವರು ಅಂಗೈಯಲ್ಲಿಟ್ಟು ಮಗುಚಿ ನೋಡಿ, ತಲೆ ಎತ್ತದೆಯೇ ಹಿಂದಿನ ಡ್ರಾಯರ್ ಎಳೆದರು. ಅಂದಿನಿಂದ ಜೇಬಿನಲ್ಲೊಂದು ಸ್ಯಾಂಪಲ್, ಚೀಲದಲ್ಲೊಂದು ವರ್ನಿಯರ್ ಕ್ಯಾಲಿಪರ್ ಇಲ್ಲದೆ ಆ ರಸ್ತೆಗೆ ಕಾಲಿಡುವುದಿಲ್ಲ.

3. ಪ್ಲಸ್ಸಿನ ಹೊಟ್ಟೆಯಲ್ಲೊಂದು ಮೊಳಕೆ

ನಾಲ್ಕು ದಿಕ್ಕಿನ ಪ್ಲಸ್ ಆಕಾರದ ಗುಂಡಿ, ಅಂದರೆ ಡಿ-ಪ್ಯಾಡ್, ನಿಂಟೆಂಡೋದ ಗುನ್‌ಪೆ ಯೊಕೊಯಿ ಅವರ ಕೊಡುಗೆ. 1982ರ ಕೈಯಲ್ಲಿ ಹಿಡಿಯುವ ಆಟದ ಯಂತ್ರ ‘ಡಾಂಕಿ ಕಾಂಗ್’ ಗೇಮ್ ಆ್ಯಂಡ್ ವಾಚ್‌ನಲ್ಲಿ ಬಂದದ್ದು. ಚಪ್ಪಟೆ ಪ್ಲಾಸ್ಟಿಕ್ ತಾನೇ ಎಂದು ಅಕ್ರಿಲಿಕ್ಕನ್ನು ಪ್ಲಸ್ ಆಕಾರಕ್ಕೆ ಕತ್ತರಿಸಿ ನಾಲ್ಕು ಸ್ವಿಚ್ಚುಗಳ ಮೇಲಿಟ್ಟೆ. ಎಡಕ್ಕೆ ಒತ್ತಿದರೆ ಮಾರಿಯೋ ಓಡುತ್ತಿದ್ದ. ಸ್ವಲ್ಪ ಜೋರಾಗಿ ಒತ್ತಿದರೆ ಬಂಡೆಯಂತೆ ನಿಂತುಬಿಡುತ್ತಿದ್ದ, ಸರಿಯಾಗಿ ಹಳ್ಳದ ಅಂಚಿನಲ್ಲಿ. ಪ್ಲಸ್ ಇಡಿಯಾಗಿ ಕೆಳಗಿಳಿದು ಎಡ ಬಲ ಎರಡೂ ಒಟ್ಟಿಗೆ ಒತ್ತಿಕೊಳ್ಳುತ್ತಿದ್ದವು.

ನಿಜವಾದ ಡಿ-ಪ್ಯಾಡನ್ನು ಮಗುಚಿ ನೋಡಿದಾಗ ಕಂಡದ್ದು ನಡುವಿನ ಮೊಳಕೆಯಂಥ ಉಬ್ಬು. ಅದರ ಮೇಲೆ ಇಡೀ ಪ್ಲಸ್ ಏತದಂತೆ ವಾಲುತ್ತದೆ. ಒಂದು ಬದಿ ಇಳಿದರೆ ಎದುರು ಬದಿ ಏಳಲೇಬೇಕು. ಎರಡು ಮಿಲಿಮೀಟರಿನ ಆ ಉಬ್ಬನ್ನು ನಾನು ಅನಗತ್ಯ ಅಲಂಕಾರವೆಂದು ಬಿಟ್ಟಿದ್ದೆ.

4. ರಬ್ಬರ್ ಮತ್ತು ಬೋರ್ಡ್ ಸತಿಪತಿಗಳು

ಇದೇ ನನ್ನ ದೊಡ್ಡ ಸೋಲು, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ. ಟಕಟಕ ಸದ್ದು ಬೇಡವೆಂದರೆ ಹಳೆಯ ರಿಮೋಟುಗಳಲ್ಲಿರುವಂಥ ರಬ್ಬರ್ ಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಟಿವಿಗಳಿಗೆ ಸಿಕ್ಕಿಸುತ್ತಿದ್ದ, ಹಳದಿ ಕ್ಯಾಸೆಟ್ಟಿನ ವಿಡಿಯೋ ಗೇಮ್ ನೆನಪಿದೆಯಲ್ಲ? ಜಪಾನಿನ ಫ್ಯಾಮಿಕಾಮ್‌ನ ನಕಲು ಅದು. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಅದರ ರಿಮೋಟುಗಳನ್ನು ಗುಡ್ಡೆ ಲೆಕ್ಕದಲ್ಲಿ ತಂದೆ.

ಬಿಚ್ಚಿದರೆ ಗುಂಡಿಯ ಕೆಳಗೆ ರಬ್ಬರಿನ ಗುಮ್ಮಟ, ಅದರ ತಳದಲ್ಲಿ ಇಂಗಾಲ ಸವರಿದ ಕಪ್ಪು ಮಾತ್ರೆ. ಬೋರ್ಡಿನ ಮೇಲೆ ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂಥ ಗೆರೆ. ಮಾತ್ರೆ ಬಾಚಣಿಗೆಗೆ ತಾಗಿದರೆ ವಿದ್ಯುತ್ ಹರಿಯುತ್ತದೆ, ಅಷ್ಟೇ. ಮಾತ್ರೆ ಕೊಳೆಯಾಗಿದೆ ಎಂದು ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿದೆ. ಬಟ್ಟೆ ಕಪ್ಪಾಯಿತು, ಕೊಳೆ ಎಷ್ಟಿತ್ತಲ್ಲ ಎಂದು ಹಿಗ್ಗಿದೆ. ಬಂದದ್ದು ಕೊಳೆಯಲ್ಲ, ಇಂಗಾಲ. ನಾಲ್ಕು ರಿಮೋಟಿನ ರಬ್ಬರ್ ಹೀಗೆ ನನ್ನ ಶುಚಿತ್ವಕ್ಕೆ ಬಲಿಯಾಯಿತು. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ದರೆ ಸಾಕಿತ್ತು.

ಉಳಿದವನ್ನು ಬೇರೆ ರಿಮೋಟಿನ ಬೋರ್ಡಿನ ಮೇಲಿಟ್ಟರೆ ಕೂರಲಿಲ್ಲ. ನೋಡಲು ಒಂದೇ ಥರ, ಗೂಟದ ತೂತು ಒಂದು ಮಿಲಿಮೀಟರ್ ಆಚೀಚೆ. ಬೋರ್ಡನ್ನೇ ಗರಗಸದಿಂದ ಕತ್ತರಿಸಿ ಕೂರಿಸೋಣವೆಂದು ಹೋದೆ. ನಡುವಿನ ಕಪ್ಪು ಅಂಟಿನ ಗುಳ್ಳೆಯನ್ನು ಕಸವೆಂದು ತಿಳಿದು ಕತ್ತರಿಸಿ ಎಸೆದೆ. ಆ ಗುಳ್ಳೆಯೊಳಗೇ ಚಿಪ್ ಇತ್ತು. ಎಂಟು ಗುಂಡಿಗಳ ಸ್ಥಿತಿಯನ್ನು ಒಂದರ ಹಿಂದೊಂದು ಸಾಲಾಗಿ, ಒಂದೇ ತಂತಿಯಲ್ಲಿ ಕಳಿಸುವ ಕೆಲಸ ಅದರದ್ದು. ಕತ್ತರಿಸದಿದ್ದರೆ ಎಂಟು ತಂತಿ ಎಳೆಯುವ ಪಾಡೇ ಇರುತ್ತಿರಲಿಲ್ಲ. ಈಗ ರಬ್ಬರ್ ಕೊಂಡರೆ ಅದರ ಬೋರ್ಡು, ಮೇಲಿನ ಗುಂಡಿ, ಮೂರನ್ನೂ ಒಂದೇ ರಿಮೋಟಿನಿಂದ ಎತ್ತುತ್ತೇನೆ.

5. ಪಿನ್ ಎಣಿಸುವಾಗ ಮಾತಾಡಬೇಡಿ

ಪೈ ಬೋರ್ಡಿನಲ್ಲಿ 40 ಪಿನ್. ಮೊದಲನೆಯದರಲ್ಲಿ 3.3 ವೋಲ್ಟ್, ಅದರ ಪಕ್ಕದ ಎರಡನೆಯದರಲ್ಲಿ 5 ವೋಲ್ಟ್. ಗುಂಡಿಯ ತಂತಿ ಹೋಗುವ ಪಿನ್‌ಗಳು 3.3ಕ್ಕಿಂತ ಹೆಚ್ಚು ತಾಳುವುದಿಲ್ಲ. ನಾನು ಫೋನಿನಲ್ಲಿ ಮಾತಾಡುತ್ತ ಬೋರ್ಡನ್ನು ಮಗುಚಿ ಎಣಿಸಿ, 5 ವೋಲ್ಟನ್ನು ಗುಂಡಿಯ ಪಿನ್ನಿಗೆ ಕೊಟ್ಟೆ. ಹೊಗೆ ಬರಲಿಲ್ಲ, ಸದ್ದೂ ಇಲ್ಲ. ಬೋರ್ಡು ಮತ್ತೆಂದೂ ಏಳಲಿಲ್ಲ. ಗುಂಡಿಯ ಆಸೆಗೆ ಕಂಪ್ಯೂಟರೇ ಹೋಯಿತು.

6. ಸ್ಟಿಕ್ ಕೊಳ್ಳುವ ಮುನ್ನ ಅದರ ಬಾಲ ನೋಡಿ

ಅನಲಾಗ್ ಸ್ಟಿಕ್ಕಿನೊಳಗೆ ಇರುವುದು ಎರಡು ಪುಟ್ಟ ಪೊಟೆನ್ಶಿಯೋಮೀಟರ್, ರೇಡಿಯೋದ ವಾಲ್ಯೂಮ್ ನಾಬ್‌ನ ಮರಿಗಳು. ಪೈಗೆ ಅವನ್ನು ನೇರವಾಗಿ ಓದಲು ಬರುವುದಿಲ್ಲ, ನಡುವೆ ಎಂಸಿಪಿ3008ರಂಥ ಚಿಪ್ ಬೇಕು. ಇದು ಸ್ಟಿಕ್ ಕೊಂಡ ಮೇಲೆ ತಿಳಿಯಿತು. ಚಿಪ್ 0ಯಿಂದ 1023ರವರೆಗೆ ಅಂಕಿ ಕೊಡುತ್ತದೆ. ಕೈಬಿಟ್ಟಾಗ ನಡುವೆ 512 ಬರಬೇಕು. ನನ್ನದು 547ರಲ್ಲಿ ನಿಲ್ಲುತ್ತಿತ್ತು, ಆಟದ ಕಾರು ಸದಾ ಬಲಕ್ಕೆ ಎಳೆಯುತ್ತಿತ್ತು. ನಡುವಿನ ಸ್ವಲ್ಪ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಪ್ರೋಗ್ರಾಮಿನಲ್ಲಿ ಹೇಳಿ ಪಾರಾದೆ.

ಆಮೇಲೆ ತೆಳ್ಳಗಿರುತ್ತದೆಂದು ನಿಂಟೆಂಡೋ ಸ್ವಿಚ್‌ನ ಜಾಯ್-ಕಾನ್‌ಗೆ ಹಾಕುವ ಬದಲಿ ಸ್ಟಿಕ್ ತರಿಸಿದೆ. ಅದಕ್ಕೆ ತಂತಿಯಿಲ್ಲ, ಕಾಗದದಂಥ ಬಾಲ. ಬೆಸುಗೆ ಕಡ್ಡಿ ತಾಗಿಸಿದೊಡನೆ ಹಪ್ಪಳದಂತೆ ಮುದುರಿತು. ಅದಕ್ಕೆಂದೇ ಸಾಕೆಟ್ ಸಿಗುತ್ತದೆ. ಅದರಲ್ಲೂ ಲೋಹ ಮೇಲ್ಮುಖವಾಗಿರುವುದು, ಕೆಳಮುಖವಾಗಿರುವುದು ಎಂದು ಎರಡು ಜಾತಿ. ನಾನು ಮೊದಲು ತರಿಸಿದ್ದು ಯಾವುದೆಂದು ಹೇಳಬೇಕಿಲ್ಲ.

7. ಒಂದು ಬೇಕಿದ್ದರೆ ಮೂರು ತನ್ನಿ

ವಿದೇಶಿ ಹವ್ಯಾಸಿಗಳ ಸಾಮಾನು ಪಟ್ಟಿಯಲ್ಲಿ ಅರ್ಧಕ್ಕರ್ಧ ಅಲಿಎಕ್ಸ್‌ಪ್ರೆಸ್ ಎಂಬ ಆನ್‌ಲೈನ್ ಅಂಗಡಿಯ ಹೆಸರಿರುತ್ತದೆ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 43 ಆ್ಯಪ್‌ಗಳಲ್ಲಿ ಅದೂ ಒಂದು. ಹಾಗಾಗಿ ನಮಗೆ ಉಳಿದದ್ದು ಇಲ್ಲಿನ ಆಮದುದಾರರು ಮತ್ತು ಪರದೇಶದಿಂದ ರಜೆಗೆ ಬರುವ ನೆಂಟರ ಸೂಟ್‌ಕೇಸು. ಒಂದೇ ಅಂಗಡಿಯಿಂದ ಅದೇ ಫೋಟೋ ನೋಡಿ ಎರಡನೇ ಸಲ ತರಿಸಿದ, ಕನ್ಸೋಲಿನ ಮೇಲಂಚಿನ ‘ಭುಜದ ಗುಂಡಿ’ ಮೊದಲಿನದಕ್ಕಿಂತ ಅರ್ಧ ಮಿಲಿಮೀಟರ್ ಎತ್ತರವಿತ್ತು. ಎಡಕ್ಕೊಂದು, ಬಲಕ್ಕೊಂದು ಥರ. ಇಂದಿಗೂ ಹಾಗೇ ಇದೆ.

8. ಡಬ್ಬಿ ಕೊನೆಗೆ

ಗುಂಡಿಗಳು ಬರುವ ಮೊದಲೇ 3ಡಿ ಪ್ರಿಂಟ್ ಮಾಡಿಸಿದ ಡಬ್ಬಿಗಳು ಮೂರು. ಒಂದರಲ್ಲಿ ಈಗ ಸಾಸಿವೆ ಇದೆ.

ಕನ್ಸೋಲ್ ಈಗ ನಡೆಯುತ್ತದೆ. ಅಕ್ಕನ ಮಗಳು ಆಡುತ್ತಾಳೆ, ‘ಬಿ’ ಗುಂಡಿ ಮಾತ್ರ ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ. ಅದರ ರಬ್ಬರಿನ ಮಾತ್ರೆ ಸವೆದಿದೆ. ನಿಮ್ಮ ಅಟ್ಟದ ಮೇಲೆ ಹಳೇ ವಿಡಿಯೋ ಗೇಮ್‌ನ ಕೆಟ್ಟ ರಿಮೋಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಒರೆಸಲೂ ಬೇಡಿ. ನನ್ನಂಥವನೊಬ್ಬ ನಿಮ್ಮ ಬೀದಿಯಲ್ಲೂ ಇರುತ್ತಾನೆ, ಅವನಿಗೆ ಕೊಡಿ.